ಸಹಾಯ ಬೇಕು: ಇಂಟರ್ನೆಟ್ ಇಲ್ಲದ ಲ್ಯಾಬ್‌ನಲ್ಲಿ ಸ್ಫಿಂಕ್ಸ್ ಲಿಂಕ್‌ಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಕೋಡ್‌ನ ಡಾಕ್ಯುಮೆಂಟೇಶನ್ ಪುಟಗಳನ್ನು ಸ್ಫಿಂಕ್ಸ್ ಎಂಬ ಟೂಲ್‌ನಿಂದ ಬಿಲ್ಡ್ ಮಾಡುತ್ತೇವೆ. ನಮ್ಮ ಲ್ಯಾಬ್‌ನಲ್ಲಿ ಇಂಟರ್ನೆಟ್ ಇಲ್ಲ. ಹಾಗಾಗಿ ಪೈಥಾನ್ ಡಾಕ್ಯುಮೆಂಟೇಶನ್ ಅನ್ನು ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್‌ನಿಂದ ಹಾಕಿಕೊಂಡಿದ್ದೇವೆ. ಇಂಟರ್‌ಸ್ಫಿಂಕ್ಸ್ (ಬೇರೆ ಪ್ರಾಜೆಕ್ಟ್‌ನ ಡಾಕ್ಯುಮೆಂಟೇಶನ್‌ಗೆ ಲಿಂಕ್ ಹಾಕುವ ಸ್ಫಿಂಕ್ಸ್ ಎಕ್ಸ್‌ಟೆನ್ಶನ್) ಮ್ಯಾಪಿಂಗ್‌ನಲ್ಲಿ ವೆಬ್ ವಿಳಾಸದ ಬದಲು ಆ ಫೋಲ್ಡರ್ ಕೊಟ್ಟೆ, ಲಿಂಕ್‌ಗಳು ಚೆನ್ನಾಗಿ ತೆರೆಯುತ್ತಿವೆ.

ತೊಂದರೆ ಇರುವುದು ನಾವೇ ಬರೆದ ಎರಡು ಲೈಬ್ರರಿಗಳ ನಡುವೆ. ಎರಡರ ಡಾಕ್ಯುಮೆಂಟೇಶನ್ ಪುಟಗಳೂ ಒಂದಕ್ಕೊಂದು ಲಿಂಕ್ ಆಗಬೇಕು. ಒಂದನ್ನು ಬಿಲ್ಡ್ ಮಾಡಲು ಇನ್ನೊಂದರ ಇನ್ವೆಂಟರಿ ಫೈಲ್ (ಯಾವ ಹೆಸರು ಯಾವ ಪುಟದಲ್ಲಿದೆ ಎಂಬ ಪಟ್ಟಿ) ಬೇಕು. ಆದರೆ ಆ ಫೈಲ್ ಸಿಗುವುದೇ ಬಿಲ್ಡ್ ಆದಮೇಲೆ ಅಲ್ವಾ? ವಾರ್ನಿಂಗ್ ಬಂದರೆ ಎರರ್ ಎಂದೇ ಪರಿಗಣಿಸುವ ಆಯ್ಕೆ ಹಾಕಿದ್ದರಿಂದ ಮೊದಲ ಬಿಲ್ಡೇ ಫೇಲ್ ಆಗುತ್ತದೆ. ಸದ್ಯಕ್ಕೆ ಅದನ್ನು ತೆಗೆದು ಎರಡೆರಡು ಸಲ ಬಿಲ್ಡ್ ಮಾಡುತ್ತಿದ್ದೇನೆ. ತುಂಬಾ ಹೊತ್ತು ಹಿಡಿಯುತ್ತದೆ.

ಹಳೆಯ ಇನ್ವೆಂಟರಿಯನ್ನು ಕೋಡ್ ಜೊತೆ ಗಿಟ್‌ನಲ್ಲೇ ಇಟ್ಟುಕೊಳ್ಳುವುದು ವಾಸಿಯಾ? ಬೇರೆ ದಾರಿ ಇದೆಯಾ? ವಿದ್ಯಾರ್ಥಿಗಳು ಲಿಂಕ್ ಒತ್ತಿ ಪುಟ ಸಿಗದೆ ಕೂತರೆ ನನಗೆ ಬೇಜಾರಾಗುತ್ತದೆ. ಗೊತ್ತಿರುವವರು ದಯವಿಟ್ಟು ತಿಳಿಸಿ.