ಬೈಪಾಸ್ ಆದ ಮೇಲೂ ಬಿಡದ ಎದೆನೋವು: ಅರಿವಳಿಕೆ ಮದ್ದಿನಿಂದಲೇ ತಡೆಯಬಹುದಿತ್ತಾ?

ಮಳೆಹನಿ: ಅಪ್ಪನಿಗೆ ಬೈಪಾಸ್ ಆಗಿ ಎಂಟು ತಿಂಗಳಾಯಿತು. ಹೃದಯ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಎದೆಯ ಎಡಗಡೆ ಅಂಗಿ ತಾಗಿದರೂ ಉರಿ. ಮಗ್ಗುಲು ಬದಲಿಸುವಾಗ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಳ್ಳುತ್ತಾರೆ. ಆಪರೇಷನ್ ವೇಳೆ ಕೆಟಮಿನ್ ಅನ್ನೋ ಅರಿವಳಿಕೆ ಮದ್ದು ಕೊಟ್ಟಿದ್ದರೆ ಇದು ಬರುತ್ತಲೇ ಇರಲಿಲ್ಲ ಅಂತ ಓದಿದೆ. ನಿಜವಾ?

ಹಳೇಸ್ಟೆತ್: ಅರಿವಳಿಕೆ ನನ್ನ ಕೆಲಸ. ‘ಬರುತ್ತಲೇ ಇರಲಿಲ್ಲ’ ಅನ್ನೋದು ಜಾಸ್ತಿ ಆಯಿತು. ಎಡಗಡೆ ಉರಿ ಅಂದರೆ ನಾನು ಮೊದಲು ಕೇಳೋದು, ‘ಲಿಮಾ’ ತೆಗೆದಿದ್ದಾರಾ ಅಂತ. ಎದೆಗೂಡಿನ ಒಳಗೋಡೆಯ ಎಡಗಡೆಯ ರಕ್ತನಾಳ ಅದು, ಬೈಪಾಸ್‌ಗೆ ಬಳಸುತ್ತಾರೆ. ಬಿಡಿಸುವಾಗ ಪಕ್ಕೆಲುಬಿನ ನಡುವಿನ ನರಗಳಿಗೆ ಪೆಟ್ಟಾಗಬಹುದು.

ಸುಮ್ನೆಕೇಳ್ದೆ: ಮಂಪರಲ್ಲಿ ಇದ್ದವರಿಗೆ ನೋವೇ ಗೊತ್ತಾಗಲ್ಲ ಅಲ್ವಾ?

ಹಳೇಸ್ಟೆತ್: ಅವರಿಗೆ ಗೊತ್ತಾಗಲ್ಲ, ಬೆನ್ನುಹುರಿಗೆ ಗೊತ್ತಾಗುತ್ತೆ. ನೋವಿನ ಸುದ್ದಿ ಮೇಲಿಂದ ಮೇಲೆ ಬಂದರೆ ಅಲ್ಲಿನ ನರಕೋಶಗಳು ಕೆರಳಿ ಕೂರುತ್ತವೆ. ಆಮೇಲೆ ಬಟ್ಟೆ ಸವರಿದರೂ ನೋವು ಅನ್ನಿಸುತ್ತೆ. ಕೆಟಮಿನ್ ಆ ನರಕೋಶಗಳ ಮೇಲಿರುವ, ನೋವಿನ ಸುದ್ದಿ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್ ಮುಚ್ಚಿ ಆ ಕೆರಳುವಿಕೆಗೆ ಕಡಿವಾಣ ಹಾಕುತ್ತೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮೊದಲ ದಿನಗಳ ನೋವಿಗೆ ಸಿಕ್ಕಷ್ಟು ಗಟ್ಟಿ ಪುರಾವೆ, ಮೂರು ತಿಂಗಳು ದಾಟಿದ ನೋವಿಗೆ ಸಿಕ್ಕಿಲ್ಲ.

ಎದೆಗಾರ: ನನ್ನ ಎದೆಯನ್ನೂ ಸೀಳಿದ್ದಾರೆ. ನರದ ನೋವಿಗೆ ಕೊಡೋ ಪ್ರಿಗ್ಯಾಬಲಿನ್ ಮಾತ್ರೆ ಎಲ್ಲರಿಗೂ ಮೊದಲೇ ಕೊಡಲಿ, ಗಂಟೇನು ಹೋಗುತ್ತೆ?

ಹಳೇಸ್ಟೆತ್: ಉಸಿರು ಹೋಗಬಹುದು. ವಯಸ್ಸಾದವರಿಗೆ ತಲೆಸುತ್ತು, ತೂಕಡಿಕೆ. ಮಾರ್ಫಿನ್ ಥರದ್ದು ಜೊತೆಗಿದ್ದರೆ ಉಸಿರಾಟವೇ ನಿಧಾನ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೇ ಎಚ್ಚರಿಕೆ ಕೊಟ್ಟಿದ್ದು.

ರಾತ್ರಿಪಾಳಿ: ನಾನು ಐಸಿಯು ನರ್ಸ್. ಎದೆಮೂಳೆ ಪಕ್ಕ ಬ್ಲಾಕ್, ಅಂದರೆ ನರ ಮರಗಟ್ಟಿಸುವ ಇಂಜೆಕ್ಷನ್, ಹಾಕಿಸಿಕೊಂಡವರು ದಿಂಬು ಅಪ್ಪಿಕೊಂಡು ಚೆನ್ನಾಗಿ ಕೆಮ್ಮುತ್ತಾರೆ. ಉಳಿದವರು ಕೆಮ್ಮು ಬಂದರೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ. ನನಗೆ ಬ್ಲಾಕ್ ಮೇಲೇ ನಂಬಿಕೆ.

ಎದೆಗಾರ: ಹಾಗಾದರೆ ಬೆನ್ನಿಗೇ ಎಪಿಡ್ಯೂರಲ್, ಅಂದರೆ ಬೆನ್ನುಹುರಿ ಹತ್ತಿರ ಮರಗಟ್ಟಿಸುವ ಮದ್ದು, ಹಾಕಬಾರದಾ?

ರಾತ್ರಿಪಾಳಿ: ಹೆಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತಾರಲ್ಲ. ಬೆನ್ನುಹುರಿ ಹತ್ತಿರ ರಕ್ತ ಸೋರಿದರೆ ಕಾಲಿನ ಸ್ವಾಧೀನವೇ ಹೋಗಬಹುದು.

ಹಳೇಸ್ಟೆತ್: ಬ್ಲಾಕ್ ಒಳ್ಳೆಯದೇ, ನಾನೂ ಕೊಡುತ್ತೇನೆ. ಆದರೆ ಒಂದು ಇಂಜೆಕ್ಷನ್ ಕೆಲಸ ಮಾಡೋದು ಗಂಟೆಗಳ ಲೆಕ್ಕದಲ್ಲಿ, ನರ ಮಾಯೋದು ತಿಂಗಳುಗಳ ಲೆಕ್ಕದಲ್ಲಿ. @ಮಳೆಹನಿ, ಮೂಳೆ ಸರಿಯಾಗಿ ಕೂಡಿದೆಯಾ, ಸೋಂಕು ಇದೆಯಾ ಅಂತ ಮೊದಲು ಸರ್ಜನ್ ಹತ್ತಿರ ತೋರಿಸಿ. ಅದಿಲ್ಲದಿದ್ದರೆ ಪೇನ್ ಕ್ಲಿನಿಕ್. ನರದ ನೋವಿಗೆ ಈಗಲೂ ಔಷಧಿ ಇದೆ.

ಮಳೆಹನಿ: ಡಿಸ್‌ಚಾರ್ಜ್ ಸಮ್ಮರಿ ತೆಗೆದು ನೋಡಿದೆ ಸರ್. ಲಿಮಾ ಅಂತಲೇ ಬರೆದಿದ್ದಾರೆ.