ಪದಚರ್ಚೆ: ಸುವರ್ಣಗೆಡ್ಡೆ ‘ನೆರಳುಪ್ರಿಯ’ವೇ?

ಸುವರ್ಣಗೆಡ್ಡೆಯ ಕೃಷಿಯನ್ನು ವಿವರಿಸುವ ಮಲಯಾಳದ ಕರಪತ್ರವೊಂದನ್ನು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಕೃಷಿಕರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಇಲ್ಲಿ ತುಳುವಿನಲ್ಲಿ ಅದು ಕೇನೆ, ಮಲಯಾಳದಲ್ಲಿ ಚೇನ. ನಮ್ಮ ಕಿವಿ ಅವರ ಚೆವಿಯಾದ ದಾರಿಯೇ ಇದು. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಕೃಷಿ ಬರಹಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಕೆಲವು ಪದಗಳು ಮಾತ್ರ ಸರಿಯಾಗಿ ಬೇಯದ ಗೆಡ್ಡೆಯ ಹಾಗೆ ಗಂಟಲು ತುರಿಸುತ್ತಿವೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ನೆರಳುಪ್ರಿಯ’. ಅರಿಸಮಾಸ ಎಂಬ ಆಕ್ಷೇಪ ಬದಿಗಿರಲಿ, ಅರ್ಥವೇ ದಾರಿ ತಪ್ಪಿಸುತ್ತದೆ. ತೆಂಗಿನ ತೋಟದ ಅರೆನೆರಳಿನಲ್ಲಿ ಸುವರ್ಣಗೆಡ್ಡೆ ಬರುತ್ತದೆ, ನಿಜ. ಆದರೆ ಅದು ನೆರಳನ್ನು ತಾಳಿಕೊಳ್ಳುತ್ತದೆಯೇ ಹೊರತು ಬೇಡುವುದಿಲ್ಲ, ಬಯಲಿಗೂ ಒಗ್ಗುತ್ತದೆ. ನೆರಳು ದಟ್ಟವಾದಷ್ಟೂ ಗೆಡ್ಡೆ ಸಣ್ಣದಾಗುತ್ತದೆ. ತೆಂಗಿಗೆ ಸುಮಾರು 8 ವರ್ಷವಾದಾಗಿನಿಂದ 25 ವರ್ಷದವರೆಗೆ ತೋಟದೊಳಗೆ ಬಿಸಿಲು ಇಳಿಯುವುದು ಬಹಳ ಕಡಿಮೆ. ಮರಗಳು ಎತ್ತರವಾಗಿ 25 ದಾಟಿದ ಮೇಲೆಯೇ ಬುಡದಲ್ಲಿ ಬೇರೆ ಬೆಳೆಗೆ ಸಾಕಷ್ಟು ಬೆಳಕು ಸಿಗುತ್ತದೆ. ‘ನೆರಳುಪ್ರಿಯ’ ಎಂದು ಓದಿದವನು ಹದಿನೈದು ವರ್ಷದ ತೋಟದ ಕತ್ತಲಿಗೆ ಬಿತ್ತನೆ ಗೆಡ್ಡೆಯನ್ನು ಹಾಕಿ, ವರ್ಷದ ಕೊನೆಗೆ ಮುಷ್ಟಿಗಾತ್ರದ್ದನ್ನು ಅಗೆದು ತೆಗೆದು, ಕರಪತ್ರ ಬರೆದವನನ್ನು ಬಯ್ಯುತ್ತಾನೆ. ಬಯ್ಯಬೇಕಾದದ್ದೇ.

‘ನೆರಳುಸಹಿಷ್ಣು’ ಎಂಬುದು ಅರ್ಥಕ್ಕೆ ಹತ್ತಿರವಾದರೂ ಗದ್ದೆಯ ಬದುವಿನಲ್ಲಿ ಯಾರ ಬಾಯಿಂದಲೂ ಹೊರಡುವ ಮಾತಲ್ಲ. ನೋಡಿದರೆ, ಕನ್ನಡ ಇಷ್ಟಕ್ಕೆ ಸಮಾಸದ ಮೊರೆ ಹೋಗಬೇಕಾಗಿಯೇ ಇಲ್ಲ. ಏಲಕ್ಕಿ ನೆರಳಲ್ಲೇ ಬರುತ್ತದೆ, ಸುವರ್ಣಗೆಡ್ಡೆ ನೆರಳಲ್ಲೂ ಬರುತ್ತದೆ. ಒಂದು ‘ಏ’, ಒಂದು ‘ಊ’, ವ್ಯತ್ಯಾಸ ಅಲ್ಲಿಗೆ ಮುಗಿಯಿತು. ತಲೆಬರಹಕ್ಕೆ ಗುಣವಾಚಕವೇ ಬೇಕೆಂದಾದರೆ ‘ನೆರಳು ತಾಳುವ’ ಎಂದು ಬಿಡಿಸಿ ಬರೆಯುವುದು ನನ್ನ ಒಲವು.

ಇನ್ನು ‘ಕಾಂಡ’. ‘ಕಾಂಡ ಒಣಗಿ ಬಿದ್ದ ಮೇಲೆ ಗೆಡ್ಡೆ ಅಗೆಯಿರಿ’ ಎಂಬ ವಾಕ್ಯ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ನೆಲದಿಂದ ಏಳುವ, ಮೈಯೆಲ್ಲ ಮಚ್ಚೆಯಿರುವ ಆ ಕಂಬ ಕಾಂಡವಲ್ಲ, ಎಲೆಯ ತೊಟ್ಟು. ತುದಿಯಲ್ಲಿ ಮೂರಾಗಿ ಕವಲೊಡೆದು ಹರಡುವುದಷ್ಟೂ ಒಂದೇ ಎಲೆ. ನಿಜವಾದ ಕಾಂಡ ಮಣ್ಣಿನೊಳಗಿದೆ, ಅದೇ ಗೆಡ್ಡೆ! ಕೆಸುವಿನ ದಂಟು ಎಂದು ಧಾರಾಳವಾಗಿ ಹೇಳುವ ನಾವು ಇದಕ್ಕೂ ದಂಟು ಎಂದರೆ ಸಾಕು. ಮಲಯಾಳದ ತಂಡು ಕೂಡ ಅದರ ನಂಟೇ.

‘ಪ್ರತಿ ತುಂಡಿನಲ್ಲೂ ಒಂದು ಕಣ್ಣಿರಲಿ’ ಎಂಬುದು ಇದಕ್ಕಿಂತ ಅಪಾಯದ ವಾಕ್ಯ. ಅದು ಆಲೂಗೆಡ್ಡೆಯ ಭಾಷೆ. ಆಲೂಗೆಡ್ಡೆಗೆ ಮೈತುಂಬ ಕಣ್ಣು. ಸುವರ್ಣಗೆಡ್ಡೆಗೆ ಮುಖ್ಯವಾದದ್ದು ನೆತ್ತಿಯ ನಡುವಿನ ಮೊಳಕೆ ಒಂದೇ. ನೆತ್ತಿಯಿಂದ ಕೆಳಕ್ಕೆ ಸೀಳಿ, ಆ ಮೊಳಕೆಯ ಪಾಲು ಪ್ರತಿ ತುಂಡಿಗೂ ಬರುವಂತೆ ಹಂಚಬೇಕು. ತುಂಡು ಒಂದು ಕಿಲೋದ ಆಸುಪಾಸು ಇರಬೇಕು. ಸಗಣಿ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, 90 ಸೆಂಟಿಮೀಟರ್ ಅಂತರದ ಗುಂಡಿಗಳಲ್ಲಿ ಮೇಲ್ಮಣ್ಣು, ಗೊಬ್ಬರ ತುಂಬಿ ನೆಟ್ಟು, ತರಗೆಲೆ ಮುಚ್ಚಬೇಕು. ಆದ್ದರಿಂದ ನಾನು ‘ನೆತ್ತಿಮೊಳಕೆಯ ಪಾಲು’ ಎಂದು ಬರೆದಿದ್ದೇನೆ. ತುಸು ಉದ್ದವಾಯಿತು, ಆದರೂ ಕತ್ತಿ ಹಿಡಿದವನಿಗೆ ಎಲ್ಲಿ ಕೊಯ್ಯಬೇಕೆಂದು ಗೊತ್ತಾಗುತ್ತದೆ.

‘ಬಹುವಾರ್ಷಿಕ’ವನ್ನು ಕೈಬಿಟ್ಟೆ. ಸಸ್ಯಶಾಸ್ತ್ರದ ಮಟ್ಟಿಗೆ ಸರಿ, ಆದರೆ ದಂಟು ವರ್ಷವರ್ಷವೂ ಸಾಯುತ್ತದೆ, ಹಳೆಯ ಗೆಡ್ಡೆ ಕರಗಿ ಹೊಸದು ಕಟ್ಟುತ್ತದೆ, ಕೃಷಿಕ ಎಂಟೊಂಬತ್ತು ತಿಂಗಳಿಗೆ ಅಗೆಯುತ್ತಾನೆ. ‘ಅಗೆಯದೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ’ ಎಂದರೆ ಆಯಿತು.

ನೆಡುವ ಕಾಲಕ್ಕೆ ಮೂಲದಲ್ಲಿರುವ ಗಾದೆ ‘ಕುಂಭತ್ತಿಲ್ ನಟ್ಟಾಲ್ ಕುಡತ್ತೋಳಂ, ಮೀನತ್ತಿಲ್ ನಟ್ಟಾಲ್ ಮೀನ್‌ಕಣ್ಣೋಳಂ’. ಇದು ಕನ್ನಡಕ್ಕೆ ಸಲೀಸಾಗಿ ಬಂತು: ಕುಂಭದಲ್ಲಿ ನೆಟ್ಟರೆ ಕೊಡದಷ್ಟು, ಮೀನದಲ್ಲಿ ನೆಟ್ಟರೆ ಮೀನಿನ ಕಣ್ಣಷ್ಟು. ತುಳುವರಿಗಾಗಿ ಕುಂಭದ ಪಕ್ಕದಲ್ಲಿ ಮಾಯಿ ತಿಂಗಳು ಎಂದೂ ಸೇರಿಸಿದ್ದೇನೆ. ‘ಫೆಬ್ರವರಿ–ಮಾರ್ಚ್’ ಎಂದು ಬದಲಿಸಲು ಮನಸ್ಸಾಗಲಿಲ್ಲ. ಮಾರ್ಚ್ ನಡುವಿಗೆ ಮೀನ ಹುಟ್ಟುತ್ತದೆ, ಗಾದೆಯ ಗುಟ್ಟಿರುವುದೇ ಆ ಗಡಿಯಲ್ಲಿ. ಬೇಗ ನೆಟ್ಟದ್ದು ಬೇಸಿಗೆಯ ಮಳೆಗೆ ಮೊಳೆತು, ಕಾರ್ಗಾಲ ಹಿಡಿಯುವ ಮೊದಲೇ ಎಲೆ ಬಿಚ್ಚುತ್ತದೆ.

ಇನ್ನು ಉಳಿದಿರುವುದು ನೆಡುವುದಕ್ಕೆಂದು ಕೊಯ್ದ ಆ ತುಂಡಿಗೆ ಒಂದು ಚಿಕ್ಕ ಹೆಸರು. ‘ಬಿತ್ತನೆ ಗೆಡ್ಡೆ’ ಎಂದರೆ ಇಡೀ ಗೆಡ್ಡೆಯೋ ತುಂಡೋ ತಿಳಿಯುವುದಿಲ್ಲ. ನಮ್ಮ ಹಾಗೆಯೇ ಕರ್ನಾಟಕದ ಗಡಿಯಾಚೆಗಿರುವ ಹೊಸೂರು, ತಾಳವಾಡಿ, ಆದವಾನಿ, ಅಕ್ಕಲಕೋಟೆ ಕಡೆಯ ಕನ್ನಡಿಗರ ಮನೆಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ? ಅರಿಶಿನದ ಅಥವಾ ಶುಂಠಿಯ ತುಂಡಿಗೆ ಬೇರೆ ಪದವಿದ್ದರೆ ಅದನ್ನೂ ತಿಳಿಸಿ.