ಸಿಪಿಯು ಫ್ಯಾನಿನ ಧೂಳು ತೆಗೆಯುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ರಸ್ತೆಬದಿಯ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರ್ ಬೇಸಿಗೆ ಶುರುವಾದಾಗಿನಿಂದ ವಿಪರೀತ ಸದ್ದು ಮಾಡುತ್ತಿದ್ದು, ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಆಫ್ ಆಗುತ್ತದೆ. ಫ್ಯಾನಿನ ತುಂಬ ಧೂಳಿದೆ. ಎದುರಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದೇ, ಅಥವಾ ಗಾಳಿಯ ಕ್ಯಾನ್ ಕೊಳ್ಳಬೇಕೇ?

ಉತ್ತರ: ಪಂಕ್ಚರ್ ಅಂಗಡಿಗೆ ಒಯ್ಯಬೇಡಿ ಸರ್. ಅಲ್ಲಿನ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ಜೊತೆಗೆ ಆ ನೀರಿನ ತುಂತುರು, ಎಣ್ಣೆಯ ಪಸೆ ಎರಡೂ ಮದರ್‌ಬೋರ್ಡಿನ ಮೇಲೆ ಬೀಳುತ್ತವೆ. ರಿಪೇರಿ ಕೆಲಸದಲ್ಲಿರುವ ನಾವು ಕರೆಂಟಿನ ಬ್ಲೋವರ್ ಬಳಸುತ್ತೇವೆ. ಪದೇ ಪದೇ ಧೂಳು ತೆಗೆಯಬೇಕಾದ ಅಂಗಡಿಗೆ ಕ್ಯಾನಿಗಿಂತ ಅದೇ ಅಗ್ಗ ಬೀಳುತ್ತದೆ. ಗಾಳಿ ಯಾವುದರಿಂದ ಬಂದರೂ, ಮೊದಲು ಪ್ಲಗ್ ಕಿತ್ತು, ಒಳಗುಳಿದ ವಿದ್ಯುತ್ ಖಾಲಿಯಾಗುವಂತೆ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್ಟನ್ನು ಹೊರಗಿನ ಬಯಲಿಗೆ ತನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಫ್ಯಾನಿನ ರೆಕ್ಕೆ ಅಲುಗದಂತೆ ಬೆರಳಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ತಡೆದು ಹಿಡಿದೇ ಗಾಳಿ ಬಿಡಬೇಕು. ಸುಮ್ಮನೆ ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗುತ್ತದೆ. ನೋಡಲು ಚೆಂದ, ಆದರೆ ಬೇರಿಂಗ್ ಹಾಳಾದರೆ ಮೊದಲಿಗಿಂತ ಹೆಚ್ಚು ಸದ್ದು ಶುರುವಾಗುತ್ತದೆ. ಹಾಗೆ ತಿರುಗುವ ಮೋಟಾರು ಡೈನಮೋದಂತೆ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ಪೆಟ್ಟು ಕೊಡುವ ಸಾಧ್ಯತೆಯೂ ಇದೆ.

ಉತ್ತರ: ಬ್ಲೋವರ್ ಅಂಗಡಿಗೆ ಸರಿ, ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವವರಿಗೆ ಕ್ಯಾನ್ ಸಾಕು. ಆದರೆ ಅಂಥ ಬಹುಪಾಲು ಕ್ಯಾನುಗಳಲ್ಲಿ ಇರುವುದು ಗಾಳಿಯಲ್ಲ, ಒತ್ತಡದಿಂದ ದ್ರವವಾಗಿಸಿದ ಡೈಫ್ಲೋರೋಈಥೇನ್‌ನಂಥ ಅನಿಲ. ಕ್ಯಾನ್ ಓರೆಯಾದರೆ ದ್ರವವೇ ಚಿಮ್ಮಿ, ಬಿದ್ದ ಜಾಗದಲ್ಲಿ ಬೆಳ್ಳಗೆ ಹಿಮ ಕಟ್ಟುತ್ತದೆ. ಕೈಗೆ ತಾಗಿದರೆ ಚರ್ಮ ಸುಟ್ಟಂತಾಗುತ್ತದೆ. ಆದ್ದರಿಂದ ನೆಟ್ಟಗೆ ಹಿಡಿದು, ಅರ್ಧ ಗೇಣು ದೂರದಿಂದ, ಒಂದೆರಡು ಸೆಕೆಂಡಿನಷ್ಟೇ ಬಿಟ್ಟು ಬಿಟ್ಟು ಒತ್ತಿ. ಡೈಫ್ಲೋರೋಈಥೇನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ, ಅಂಗಡಿಯಲ್ಲಿ ದೇವರ ಪಟದ ಮುಂದೆ ದೀಪ, ಊದುಬತ್ತಿ ಉರಿಯುತ್ತಿದ್ದರೆ ಅಲ್ಲಿ ಬೇಡ.

ಉತ್ತರ: ಫ್ಯಾನ್ ಸ್ವಚ್ಛವಾದ ಮೇಲೂ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಅದರಡಿಯ ಹೀಟ್‌ಸಿಂಕ್, ಅಂದರೆ ಸಿಪಿಯುವಿನ ಬಿಸಿ ಹೀರುವ ಲೋಹದ ಭಾಗ ನೋಡಿ. ಅಲ್ಯುಮಿನಿಯಂ ಪಟ್ಟಿಗಳ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿದ್ದರೆ, ಫ್ಯಾನನ್ನು ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿದ ನಂತರವೇ ಗಾಳಿ ಬಿಡಬೇಕು. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯದೆ ಹೊರಗಿನಿಂದಲೇ ಊದಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.